ಕ್ಲಚ್ ಹುಡುಕದ ಎಡಗಾಲು

ಐದು ಜನ ಗಂಡಸರು ಸೇರಿ ಒಂದು ಬಾನೆಟ್ ಎತ್ತಿದರೆಂದರೆ ಅಲ್ಲಿ ಬುದ್ಧಿಗೆ ಬಾಗಿಲು ಹಾಕಿದರೆಂದೇ ಅರ್ಥ. ಜಪಾನಿನ ಹಮನಾ ಸರೋವರದ ದಂಡೆಯ ಪಾರ್ಕಿಂಗ್ ಜಾಗದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಇಂಥ ಬಾನೆಟ್‌ಗಳು ಇಪ್ಪತ್ತಾದರೂ ಎದ್ದು ನಿಂತಿರುತ್ತಿದ್ದವು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಡಬ್ಬಿ ಕಾಫಿ, ಎಲ್ಲರ ಬಾಯಲ್ಲೂ ಅದೇ ಪುರಾಣ: ಕೈಯಿಂದ ಹಾಕಿದ್ದೇ ಗೇರು, ಕ್ಲಚ್ ಇಲ್ಲದ ಗಾಡಿ ಗಾಡಿಯೇ ಅಲ್ಲ. ನೊಝುಎ ಚಿಝುರು ಈ ಪುರಾಣವನ್ನು ಹನ್ನೊಂದು ವರ್ಷದಿಂದ ಕೇಳುತ್ತಿದ್ದಳು. ಹಮಾಮತ್ಸುವಿನಲ್ಲಿ ಅವಳದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳ ವ್ಯಾಪಾರ. ಕೇಳದೆ ವಿಧಿಯಿರಲಿಲ್ಲ, ಏಕೆಂದರೆ ಈ ಮಹಾಶಯರೇ ಅವಳ ಗಿರಾಕಿಗಳು.

ಆ ಭಾನುವಾರ ಪುರಾಣಕ್ಕೆ ಪೀಠಾಧಿಪತಿಯಾಗಿ ಅತ್ಸುಮಿ ಶುನ್ಸಾಕು ನಿಂತಿದ್ದ. ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡುವುದರಲ್ಲಿ ಆ ಸೀಮೆಗೇ ಒಬ್ಬ. ಮೂವತ್ತೆಂಟರ ವಯಸ್ಸು, ತೆಳ್ಳಗಿನ ಮೈ, ಮೊಣಕೈವರೆಗೆ ಮಡಚಿದ ತೋಳು. ಅವನನ್ನು ಎಲ್ಲರೂ ‘ಗುರುಗಳೇ’ ಎಂದೇ ಕರೆಯುವುದು. ಅವನೂ ಬೇಡವೆನ್ನುತ್ತಿರಲಿಲ್ಲ.

ಅಷ್ಟರಲ್ಲಿ ತೆರದಾ ಟೀಚರ್ ಬಂದರು. ನಲವತ್ತು ವರ್ಷ ಶಾಲೆಯಲ್ಲಿ ಈಜು ಕಲಿಸಿ ನಿವೃತ್ತರಾದ, ಎಪ್ಪತ್ತರ ಹೆಂಗಸು. ಎಡಮಂಡಿ ಸವೆದುಹೋಗಿತ್ತು. ಎರಡು ವಾರದ ಹಿಂದೆ ಚಿಝುರುವಿನ ಅಂಗಡಿಯಲ್ಲೇ ಕೆಂಪು ಬಣ್ಣದ, ಎರಡೇ ಸೀಟಿನ ಪ್ಯಾಡಲ್ ಗಾಡಿಯೊಂದನ್ನು ಕೊಂಡಿದ್ದರು. ಸ್ಟೇರಿಂಗ್ ಹಿಂದೆ ಬೆರಳಿಗೆ ಸಿಗುವ ಎರಡು ಪಟ್ಟಿಗಳು. ಬಲಗಡೆಯದನ್ನು ಎಳೆದರೆ ಗೇರು ಏರುತ್ತದೆ, ಎಡಗಡೆಯದನ್ನು ಎಳೆದರೆ ಇಳಿಯುತ್ತದೆ. ಕ್ಲಚ್ ಪೆಡಲೇ ಇಲ್ಲ.

“ಮಂಡಿ ನೋವು ನೋಡ್ರಪ್ಪ, ಕ್ಲಚ್ ಒತ್ತೋಕಾಗಲ್ಲ. ಆದ್ರೆ ಆಸೆ ಬಿಡ್ಬೇಕಲ್ಲ” ಎಂದು ನಗುತ್ತಾ ಇಳಿದರು. “ಹೇಗಿದೆ ನನ್ನ ಗಾಡಿ?”

“ಬಣ್ಣ ಚೆನ್ನಾಗಿದೆ ಟೀಚರ್” ಎಂದ ಮೊರಿಶಿತಾ. ಔಷಧಿ ಅಂಗಡಿ ಇಟ್ಟುಕೊಂಡಿದ್ದ ಅವನೇ ಈ ಭಾನುವಾರದ ಕಾರು ಸಂಘದ ಯಜಮಾನ. “ಗುರುಗಳೇ, ನೀವೇನಂತೀರಿ?”

ಅತ್ಸುಮಿ ಬಗ್ಗಿ ಒಳಗೆ ಇಣುಕಿದ. ಪ್ಯಾಡಲನ್ನು ಒಂದು ಬೆರಳಿನಿಂದ ಟಕ್ಕೆಂದು ತಟ್ಟಿದ. “ಆಟದ ಸಾಮಾನು” ಎಂದ. “ಬ್ಯಾಟರಿ ಇದರ ಜೊತೇಲೇ ಬಂತಾ, ಬೇರೆ ತಗೋಬೇಕಾ?”

ಇಪ್ಪತ್ತು ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರೂ ನಕ್ಕರು, ಸ್ವಲ್ಪ ತಡವಾಗಿ. ಕಾಫಿ ಕುಡಿಯುತ್ತೇನೆಂದು ಬಂದವರು ಕುಡಿಯದೆಯೇ ಹೊರಟುಹೋದರು.

ಥೂ, ಎಂದುಕೊಂಡಳು ಚಿಝುರು. ಆ ಮಾತು ಆಡಿದ ಮೇಲೆ ಅತ್ಸುಮಿ ಅವಳ ಕಡೆ ಕಣ್ಣು ಹಾಯಿಸಿದ್ದ, ಅವಳು ನಕ್ಕಳೋ ಇಲ್ಲವೋ ಎಂದು ನೋಡುವುದಕ್ಕೆ. ನಗದಿದ್ದದ್ದನ್ನು ಕಂಡು ಮುಖ ತಿರುಗಿಸಿದ್ದ. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಚಿಝುರುವಿನ ಪ್ರೀತಿಗೆ ಕಣ್ಣೂ ಇತ್ತು, ಕಿವಿಯೂ ಇತ್ತು. ಮಾನ ಮಾತ್ರ ಇರಲಿಲ್ಲ. ಇಂಥ ಮನುಷ್ಯನನ್ನು ಅವಳು ಎರಡು ವರ್ಷದಿಂದ ಪ್ರೀತಿಸುತ್ತಿದ್ದಳು.

ಅದೂ ಎಂಥ ಮನುಷ್ಯ! ರಿಪೇರಿ ಮಾಡಿದ ಗಾಡಿಯನ್ನು ಅವನು ರಸ್ತೆಗಿಳಿಸಿ ತಾನೇ ಓಡಿಸಿ ನೋಡಿದವನಲ್ಲ. ಮಾಲೀಕರೇ ಓಡಿಸಬೇಕು. ಇವನು ಎಡಗಡೆಯ ಸೀಟಿನಲ್ಲಿ ಕೂತು, ಗೇರ್ ರಾಡ್ ಹಿಂದಿನ ಉಬ್ಬಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ‘ಕೇಳಿಸಿಕೊಳ್ಳು’ತ್ತಾನಂತೆ. “ಓಡಿಸೋನಿಗೆ ತನ್ನ ಕೈ ಕಾಣುತ್ತೆ, ಗೇರ್ ಕಾಣಲ್ಲ” ಎಂದು ಯಾವತ್ತೋ ಒಮ್ಮೆ ಹೇಳಿದ್ದನಂತೆ. ಕಾರುಗಳ ಮಾಸಪತ್ರಿಕೆಯೊಂದು ಆ ಒಂದು ಮಾತಿಗೆ ನಾಲ್ಕು ಪುಟ ಕೊಟ್ಟಿತು. ಮೊರಿಶಿತಾ ಅದನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ಸಂಘಕ್ಕೆಲ್ಲ ಹಂಚಿದ. ಗುರು ಮಾತ್ರ ಓಡಾಡುವುದು ಒಂದು ಬಿಳಿ ಆಟೊಮ್ಯಾಟಿಕ್ ವ್ಯಾನಿನಲ್ಲಿ. ಕೇಳಿದರೆ, “ಸಾಮಾನು ಹೊರೋ ಕತ್ತೆಗೆ ಯಾವ ಗೇರ್ ಆದ್ರೇನು?” ಎನ್ನುತ್ತಿದ್ದ. ಅದಕ್ಕೂ ತಲೆದೂಗುವವರಿದ್ದರು. ಮರುಳನಿಗೆ ಮರುಳ ಮೆಚ್ಚಿದ ಎಂದು ಚಿಝುರು ನಕ್ಕಿದ್ದಳು.

ನಕ್ಕಿದ್ದಳು ನಿಜ, ಆದರೆ ಅವಳು ಹರಾಜಿನಲ್ಲಿ ಹಿಡಿದು ತಂದ ಗಾಡಿಗಳಿಗೂ ಅವನೇ ಬೇಕು. ರಿಪೇರಿಯಾದ ಮೇಲೆ ಅವಳು ಓಡಿಸಬೇಕು, ಅವನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರಬೇಕು.

“ನಾಲ್ಕನೇದಕ್ಕೆ ಸ್ವಲ್ಪ ಬೇಗ ಹೋದ್ರಿ” ಎಂದಿದ್ದ ಒಮ್ಮೆ.

“ಕಣ್ಮುಚ್ಕೊಂಡು ಅದ್ಹೇಗ್ರೀ ಗೊತ್ತಾಯ್ತು?”

“ನಿಮ್ಮ ಗಡಿಯಾರ ನನ್ನ ಕೈಗೆ ತಾಗ್ತು.”

“ಹಾಗಾದ್ರೆ ಕೈ ಆಚೆ ಇಟ್ಕೊಳ್ಳಿ.”

“ಅಲ್ಲಿ ಕೇಳ್ಸಲ್ಲ” ಎಂದ ಕಣ್ಣು ಬಿಡದೆ. ತುಟಿಯ ಒಂದು ಕೊನೆ ಮಾತ್ರ ಮೇಲೇರಿತ್ತು. ಅಂದಿನಿಂದ ಚಿಝುರು ಬೇಕಿಲ್ಲದ ಕಡೆಯಲ್ಲೂ ನಾಲ್ಕನೇ ಗೇರಿಗೆ ಹೋಗತೊಡಗಿದಳು.

ಮಾರಾಟಕ್ಕಿಲ್ಲದ ಗಾಡಿಯೊಂದು ಅವಳ ಹತ್ತಿರ ಇತ್ತು. ನೀಲಿ ಬಣ್ಣದ್ದು, ಕ್ಲಚ್ ಇದ್ದದ್ದು, ಅವಳ ಸ್ವಂತದ್ದು. “ಇರಾಗೊ ಭೂಶಿರದವರೆಗೆ ಹೋಗಿ ಬರೋಣ. ಹೋಗ್ತಾ ನಾನು ಓಡ್ಸ್ತೀನಿ, ಬರ್ತಾ ನೀವು” ಎಂದು ಅವನನ್ನು ಮೂರು ಸಲ ಕರೆದಿದ್ದಳು. ಆ ಬಳಗದಲ್ಲಿ ಸ್ವಂತ ಗಾಡಿಯ ಕೀಲಿ ಕೊಡುವುದು ಸಣ್ಣ ಮಾತಲ್ಲ. ಹೆಂಡತಿಗೂ ಕೊಡದವರಿದ್ದಾರೆ. ಮೊದಲ ಸಲ ಕೆಲಸವಿದೆ ಎಂದ. ಎರಡನೇ ಸಲ ಗಾಳಿ ಜೋರಾಗಿದೆ ಎಂದ. ಮೂರನೇ ಸಲ ಕೀಲಿಯನ್ನು ಮೇಜಿನ ಮೇಲೆ ಒಂದೇ ಬೆರಳಿನಿಂದ ಅವಳ ಕಡೆಗೆ ತಳ್ಳಿ, “ಬೇಡ, ನನ್ನಿಂದ ಆಗಲ್ಲ” ಎಂದ. ಅವಳಿಗೆ ಕೇಳಿಸಿದ್ದು, ‘ನೀನು ಬೇಡ’ ಎಂದೇ. ಮೂವತ್ತೈದರ ಹೆಂಗಸು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಬಿಟ್ಟು, ಸದ್ದು ಕೇಳದ ಹಾಗೆ ಅತ್ತಳು.

ಬುಧವಾರ ಅವನು ವ್ಯಾನಿನಲ್ಲಿ ರಿಪೇರಿಯಾದ ಗೇರ್‌ಬಾಕ್ಸ್ ಹೇರಿಕೊಂಡು ಅಂಗಡಿಗೆ ಬಂದಾಗ ಚಿಝುರು ಫೋನ್ ಕೆಳಗಿಡುತ್ತಿದ್ದಳು.

“ಯಾರು ಗೊತ್ತಾ ಫೋನಲ್ಲಿ? ತೆರದಾ ಟೀಚರ್. ಗಾಡಿ ವಾಪಸ್ ತಗೋತೀರಾ ಅಂತ ಕೇಳಿದ್ರು. ಈ ವಯಸ್ಸಲ್ಲಿ ನನಗಿದು ಬೇಕಿರ್ಲಿಲ್ಲ ಅಂದ್ರು.”

“ಅದು ಸುಮ್ನೆ ತಮಾಷೆಗೆ ಅಂದಿದ್ದು.”

“ತಮಾಷೆ! ಜನ್ಮದಲ್ಲಿ ಒಂದ್ಸಲನಾದ್ರೂ ಪ್ಯಾಡಲ್ ಗಾಡಿ ಓಡ್ಸಿದೀರಾ ನೀವು? ತಿನ್ನದ ಅಡುಗೆಗೆ ಉಪ್ಪಿಲ್ಲ ಅನ್ನೋ ಜಾತಿ. ಅಗೋ, ಆ ಬೆಳ್ಳಿ ಬಣ್ಣದ್ದು ನಿಂತಿದೆ. ಒಂದು ಸುತ್ತು ಓಡ್ಸಿ, ಆಮೇಲೆ ಬೈಯಿರಿ.”

ಬೇಡ ಎನ್ನುತ್ತಾನೆ, ಇನ್ನೆರಡು ಮಾತು ಚುಚ್ಚಬಹುದು ಎಂದುಕೊಂಡಿದ್ದಳು.

“ಕೊಡಿ ಕೀಲಿ” ಎಂದ.

ಚಿಝುರುವಿಗೆ ಮೈಯೆಲ್ಲ ಉರಿಯಿತು. ಅವಳ ನೀಲಿ ಗಾಡಿಯ ಕೀಲಿ ಮುಟ್ಟಲಾರದ ಕೈಗೆ ಇದು ಆಗುತ್ತದಲ್ಲ! ಸೇಡು ತೀರಿಸಿಕೊಳ್ಳುವುದಕ್ಕೆ ಅವಳಿಗೊಂದು ದಾರಿ ಇತ್ತು. ಕ್ಲಚ್ ಗಾಡಿಯ ಜನರನ್ನು ಪ್ಯಾಡಲ್ ಗಾಡಿಯಲ್ಲಿ ಕೂರಿಸಿದಾಗೆಲ್ಲ ಅವಳು ತನ್ನ ಬೆಲ್ಟ್ ಬಿಗಿದುಕೊಳ್ಳುತ್ತಿದ್ದಳು, ಕೈಯಲ್ಲಿ ಚಹಾ ಇದ್ದರೆ ದೂರ ಹಿಡಿಯುತ್ತಿದ್ದಳು. ಮೊದಲ ಸಿಗ್ನಲ್ ಬರುತ್ತಿದ್ದಂತೆ ಆ ಜನರ ಎಡಗಾಲು ತಾನಾಗಿ ಎದ್ದು, ಇಲ್ಲದ ಕ್ಲಚ್ ಹುಡುಕಿ, ಬ್ರೇಕನ್ನು ಒದೆಯುತ್ತದೆ. ಗಾಡಿ ಮುಗ್ಗರಿಸಿ ನಿಲ್ಲುತ್ತದೆ. ಎಂಥ ಪಂಡಿತನೂ ಇದರಿಂದ ಪಾರಾದದ್ದಿಲ್ಲ. ಮೊರಿಶಿತಾನಂತೂ ಹೋದ ವರ್ಷ ಸ್ಟೇರಿಂಗಿಗೆ ಮೂಗು ಗುದ್ದಿಕೊಂಡು ಒಂದು ವಾರ ಮುಖ ಮುಚ್ಚಿಕೊಂಡು ತಿರುಗಿದ್ದ. ಹನ್ನೊಂದು ವರ್ಷ ಎರಡೂ ಬಗೆಯವನ್ನು ಓಡಿಸಿದ ಚಿಝುರುವಿನ ಕಾಲೇ ಇವತ್ತಿಗೂ ಒಮ್ಮೊಮ್ಮೆ ಹಾರುತ್ತಿತ್ತು. ಗುರುವಿನ ಮೂಗು ಜಜ್ಜಲಿ ಎಂದುಕೊಂಡು ಬೆಲ್ಟ್ ಬಿಗಿದಳು.

ಮೊದಲ ಸಿಗ್ನಲ್ ಬಂತು. ಗಾಡಿ ಬೆಣ್ಣೆಯ ಹಾಗೆ ನಿಂತಿತು.

ಎರಡನೆಯದು ಬಂತು. ಏನೂ ಆಗಲಿಲ್ಲ.

ಕಿತ್ತಳೆ ತೋಟಗಳ ಗುಡ್ಡದ ರಸ್ತೆ ಹಿಡಿದ ಮೇಲೆ ಅತ್ಸುಮಿ ಬೇರೆ ಮನುಷ್ಯನೇ ಆದ. ತಿರುವಿಗೆ ಮೊದಲು ಎಡಗೈ ಬೆರಳು ಎರಡು ಸಲ ಎಳೆಯಿತು, ಇಂಜಿನ್ ಗುರ್ರೆಂದಿತು, ತಿರುವು ಮುಗಿಯುತ್ತಿದ್ದಂತೆ ಬಲಗೈ ಬೆರಳು ಎಳೆಯಿತು. ಒಂದು ಕಡೆಯೂ ಅನುಮಾನವಿಲ್ಲ. ಅವನ ಹಲ್ಲು ಕಾಣುವಂಥ ನಗುವನ್ನು ಅವಳು ನೋಡಿದ್ದು ಅದೇ ಮೊದಲು. ಆಟದ ಸಾಮಾನಂತೆ, ಆಟದ ಸಾಮಾನು! ಅವಳು ಆ ನಗುವಿನಿಂದ ಕಣ್ಣು ಕಿತ್ತು ಅವನ ಕಾಲಿನ ಕಡೆ ನೋಡಿದಳು. ಎಡಗಾಲು ಊಟವಾದ ಯಜಮಾನನ ಹಾಗೆ ಒಂದು ಬದಿಗೆ ಒರಗಿ ಹಾಯಾಗಿತ್ತು.

“ಗಾಡಿ ನಿಲ್ಸಿ” ಎಂದಳು.

ಕಿತ್ತಳೆ ಮಾರುವ ಅಂಗಡಿಯ ಪಕ್ಕ ನಿಲ್ಲಿಸಿದ. “ಯಾಕೆ, ಏನಾಯ್ತು?”

“ನಿಮ್ಮ ಎಡಗಾಲು ಎಲ್ಲಿತ್ತು?”

“ಎಲ್ಲಿತ್ತು ಅಂದ್ರೆ? ಇದ್ದಲ್ಲೇ ಇತ್ತು.”

“ಅದೇ ನಾನು ಹೇಳೋದು. ಒಂದ್ಸಲನೂ ಎದ್ದಿಲ್ಲ. ಲೈಸೆನ್ಸ್ ತೆಗೀರಿ.”

ಅತ್ಸುಮಿಯ ನಗು ನಿಂತುಹೋಯಿತು. ಗಾಡಿ ಮುಟ್ಟುವ ಪ್ರತಿ ಗಿರಾಕಿಯ ಲೈಸೆನ್ಸಿನ ನಕಲು ತೆಗೆದಿಟ್ಟುಕೊಳ್ಳುವ ಚಿಝುರು ಎರಡು ವರ್ಷದಲ್ಲಿ ಇವನದನ್ನು ಕೇಳಿರಲಿಲ್ಲ. ಗುರುವಿನ ಹತ್ತಿರ ಲೈಸೆನ್ಸ್ ಯಾರಾದರೂ ಕೇಳುತ್ತಾರೆಯೇ? ಅವನು ಜೇಬಿನಿಂದ ತೆಗೆದು ಕೊಟ್ಟ. ಅವನ ಫೋಟೋದ ಪಕ್ಕದಲ್ಲಿ, ಕ್ಲಚ್ ಕಲಿಯದವರ ಲೈಸೆನ್ಸಿನಲ್ಲಿ ಮಾತ್ರ ಇರುವ ಒಂದು ಸಾಲು ಅಚ್ಚಾಗಿತ್ತು: ಆಟೊಮ್ಯಾಟಿಕ್ ಕಾರುಗಳಿಗೆ ಮಾತ್ರ.

“ಅಯ್ಯೋ ದೇವರೇ” ಎಂದಳು ಚಿಝುರು.

“ಹತ್ತೊಂಬತ್ತು ವಯಸ್ಸಲ್ಲಿ ಡ್ರೈವಿಂಗ್ ಶಾಲೆಗೆ ಸೇರಿದ್ದೆ. ಏರಲ್ಲಿ ನಿಲ್ಸಿ ಮತ್ತೆ ಹೊರಡ್ಬೇಕಲ್ಲ, ಅಲ್ಲಿ ಗಾಡಿ ಹಿಂದಕ್ಕೆ ಜಾರ್ತು. ಮೂರು ದಿನ, ಮೂರು ದಿನಾನೂ ಜಾರ್ತು. ಮೇಷ್ಟ್ರು ಎಲ್ಲರ ಮುಂದೆ, ‘ನಿನಗೆ ಕಾಲಿದೆ, ತಲೆ ಇಲ್ಲ, ಹೋಗಿ ಆಟೊಮ್ಯಾಟಿಕ್ ಕ್ಲಾಸಲ್ಲಿ ಕೂತ್ಕೊ’ ಅಂದ್ರು. ಹೋಗಿ ಕೂತ್ಕೊಂಡೆ.”

“ಆಮೇಲೆ ಗೇರ್‌ಬಾಕ್ಸ್ ಗುರು ಆದ್ರಿ.”

“ಬಿಚ್ಚಿ ಕಟ್ಟೋಕೆ ಲೈಸೆನ್ಸ್ ಬೇಡ. ವರ್ಕ್‌ಶಾಪ್ ಅಂಗಳದಲ್ಲಿ ಹಿಂದೆ ಮುಂದೆ ಮಾಡಿದ್ರೆ ಯಾರೂ ಕೇಳಲ್ಲ. ಒಂದು ದಿನ ಗಿರಾಕಿ ಒಬ್ರು, ನೀವೇ ರೋಡಲ್ಲಿ ಓಡ್ಸಿ ನೋಡಿ ಅಂದ್ರು. ಹೆದರ್ಕೊಂಡು ಬಾಯಿಗೆ ಬಂದಿದ್ದು ಹೇಳ್ದೆ. ಓಡಿಸೋನಿಗೆ ಗೇರ್ ಕಾಣಲ್ಲ ಅಂತ. ಅವರು ತಲೆ ಬಗ್ಗಿಸಿ ನಮಸ್ಕಾರ ಮಾಡಿದ್ರು. ನಾನೇನು ಮಾಡ್ಲಿ?”

ಚಿಝುರು ನಕ್ಕಳು. ನಾಲ್ಕು ಪುಟದ ಲೇಖನ ನೆನೆದು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗುವಿನ ನಡುವೆಯೇ ಒಂದು ಮಾತು ಹೊಳೆಯಿತು.

“ಹಾಗಾದ್ರೆ ನನ್ನ ಕೀಲಿ?”

“ಅದನ್ನ ತಗೊಂಡಿದ್ರೆ ಪೊಲೀಸ್ರು ಹಿಡಿಯೋದಿರ್ಲಿ, ಮೊದಲನೇ ಏರಲ್ಲೇ ನಿಮ್ಮೆದುರಿಗೆ ಹಿಂದಕ್ಕೆ ಜಾರ್ತಿದ್ದೆ. ಬೇರೆ ಯಾರು ನೋಡಿದ್ರೂ ಪರವಾಗಿಲ್ಲ. ನೀವು ನೋಡ್ಬಾರ್ದು ಅನ್ಸ್ತು.”

“ನಾನು ಬೇಡ ಅಂತ ಅಲ್ವಾ?”

“ನೀವು ಬೇಡ ಅಂತ ಯಾವ ಮುಠ್ಠಾಳ ಹೇಳ್ತಾನೆ?”

“ನನ್ನ ಪಕ್ಕ ಕೂತಿರೋ ಮುಠ್ಠಾಳ! ಮೂರು ಸಲ ಹೇಳಿದಾನೆ!”

ಅವನು ಅವಳ ಕಡೆ ತಿರುಗಿದ. ಕಣ್ಣು ಮುಚ್ಚಿಕೊಂಡಿರುತ್ತಿದ್ದವನು ಅವತ್ತು ಕಣ್ಣು ಬಿಟ್ಟೇ ನೋಡಿದ. ಅವಳು ಅಷ್ಟು ಹತ್ತಿರದಿಂದ ಆ ಕಣ್ಣುಗಳನ್ನು ಕಂಡಿರಲಿಲ್ಲ. ಒಂದು ಕ್ಷಣ ಎಲ್ಲವನ್ನೂ ಬಿಟ್ಟುಬಿಡೋಣ ಎನ್ನಿಸಿತು. ಅವನ ಕೈ ಅವಳ ಕೈಯ ಕಡೆ ಬಂತು. ಅಷ್ಟರಲ್ಲಿ ತೆರದಾ ಟೀಚರ್ ತಡವಾಗಿ ನಕ್ಕದ್ದು ನೆನಪಾಗಿ ಚಿಝುರು ಕೈ ಹಿಂದಕ್ಕೆ ಎಳೆದುಕೊಂಡಳು.

“ಕ್ಲಚ್ ಬರಲ್ಲ ಅನ್ನೋದು ನನಗೊಂದು ಲೆಕ್ಕಾನೇ ಅಲ್ಲ. ನನಗೆ ಸುಳ್ಳು ಹೇಳಿದ್ದನ್ನೂ ನುಂಗ್ಕೋತೀನಿ. ಹೊಟ್ಟೆ ಉರಿಯೋದು ಯಾವುದಕ್ಕೆ ಗೊತ್ತಾ? ಟೀಚರ್ ಎಲ್ಲರೆದುರಿಗೆ ಮಂಡಿ ನೋವು, ಕ್ಲಚ್ ಒತ್ತೋಕಾಗಲ್ಲ ಅಂತ ಬಾಯ್ಬಿಟ್ಟು ಹೇಳ್ಕೊಂಡ್ರು. ನಿಮಗೂ ಆಗಲ್ಲ. ನೀವು ಅದನ್ನ ಬಚ್ಚಿಟ್ಕೊಂಡು ಅವರನ್ನ ನೋಡಿ ನಗಾಡಿದ್ರಿ. ಥೂ! ಇಂಥ ಹೇಡಿ ಕೆಲಸ ಆ ಮೊರಿಶಿತಾನೂ ಮಾಡಲ್ಲ.”

“ನಾನೇನು ಮಾಡ್ಬೇಕು ಹೇಳಿ.”

“ಭಾನುವಾರ, ಅದೇ ಜಾಗದಲ್ಲಿ, ಅದೇ ಜನರ ಮುಂದೆ, ನಿಜ ಹೇಳಿ.”

“ಕೆಲಸ ಹೋಗುತ್ತೆ.”

“ಹೋಗ್ಲಿ.”

“ನಿಮ್ಮ ಅಂಗಡೀಲೂ ಅರ್ಧ ಗಾಡಿ ನನ್ನ ಹೆಸರಿಂದ್ಲೇ ಮಾರಾಟ ಆಗೋದು.”

“ಅದೂ ಹೋಗ್ಲಿ. ಹೇಳ್ತೀರೋ, ಸರಿ. ಇಲ್ವೋ, ಇನ್ಮೇಲೆ ಬಾಕ್ಸ್‌ಗಳನ್ನ ಕೊರಿಯರ್‌ನಲ್ಲಿ ಕಳ್ಸಿ. ನೀವು ಬರ್ಬೇಡಿ.”

ಅವನು ಇಳಿದು ಎಡಗಡೆಯ ಸೀಟಿಗೆ ಬಂದ. ವಾಪಸ್ ಬರುವಾಗ ಅವಳೇ ಓಡಿಸಿದಳು. ಬರುವುದಿಲ್ಲ ಇವನು, ಎಂದು ಅವಳಿಗೆ ಖಾತ್ರಿಯಾಗಿತ್ತು. ಹದಿನಾರು ವರ್ಷ ಗುರುವಾಗಿ ಮೆರೆದವನು ಒಂದು ಹೆಣ್ಣಿನ ಮಾತಿಗೆ ಮಾನ ಬಿಟ್ಟುಕೊಡುತ್ತಾನೆಯೇ? ಶುಕ್ರವಾರವೂ ಸುದ್ದಿಯಿಲ್ಲ, ಶನಿವಾರವೂ ಇಲ್ಲ. ಚಿಝುರು ಅವನನ್ನು ಮನಸ್ಸಿನಲ್ಲೇ ಬೈದು ಬೈದು ಸಾಕಾಗಿ, ಕೊನೆಗೆ ಅವನಿಗಾಗಿ ಕಾದು ಕೂತ ತನ್ನನ್ನೇ ಬೈದುಕೊಂಡಳು.

ಭಾನುವಾರ ಬೆಳಿಗ್ಗೆ ಬಾನೆಟ್‌ಗಳು ಎಂದಿನಂತೆ ಎದ್ದಿದ್ದವು. ಒಣಗಾಳಿ ಬೀಸುತ್ತಿತ್ತು. ಬಿಳಿ ವ್ಯಾನು ಬಂದು ಸಾಲಿನ ನಡುವೆ ನಿಂತಿತು. ಅತ್ಸುಮಿ ಇಳಿದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಮುಖ ಬಿಳಿಚಿತ್ತು.

“ಎಲ್ಲರಿಗೂ ಒಂದು ವಿಷಯ ಹೇಳ್ಬೇಕು” ಎಂದ. “ನನಗೆ ಕ್ಲಚ್ ಗಾಡಿ ಓಡಿಸೋಕೆ ಬರಲ್ಲ.”

ಮೊರಿಶಿತಾ ನಿಧಾನವಾಗಿ ತಲೆದೂಗಿದ. “ಆಹಾ! ಕೇಳಿದ್ರಾ? ಇಷ್ಟು ವರ್ಷ ಆದ್ಮೇಲೂ ‘ಬರಲ್ಲ’ ಅಂತಾರೆ. ವಿನಯ ಅಂದ್ರೆ ಇದಪ್ಪ!” ಹಿಂದೆ ನಿಂತ ಒಬ್ಬ ಅದನ್ನು ಫೋನಿನಲ್ಲಿ ಬರೆದುಕೊಂಡ.

“ವಿನಯ ಅಲ್ಲ ಮೊರಿಶಿತಾ. ನಿಜವಾಗ್ಲೂ ಬರಲ್ಲ.”

“ನಿಜವಾಗ್ಲೂ ಬರೋದು ಯಾರಿಗೆ ಹೇಳಿ ಗುರುಗಳೇ?”

ಗಾಡಿಯಲ್ಲೇ ಕೂತಿದ್ದ ಚಿಝುರು ಹಣೆಯನ್ನು ಸ್ಟೇರಿಂಗಿಗೆ ಒತ್ತಿದಳು. ದೇವರು ಇವರಿಗೆ ಎರಡು ಕಿವಿಯನ್ನು ಯಾತಕ್ಕೆ ಕೊಟ್ಟನೋ!

ಅತ್ಸುಮಿ ಲೈಸೆನ್ಸ್ ತೆಗೆದು ಮೊರಿಶಿತಾನ ಕೈಯಲ್ಲಿಟ್ಟ. ಮೊರಿಶಿತಾ ಓದಿದ, ತಿರುವಿ ನೋಡಿದ, ಮತ್ತೆ ಓದಿದ. “ಇದು... ಹಳೇದಾ?”

“ಹೋದ ವರ್ಷ ಮಾಡ್ಸಿದ್ದು. ಅದರ ಹಿಂದಿನದ್ರಲ್ಲೂ ಹಾಗೇ ಇತ್ತು.”

ಲೈಸೆನ್ಸು ಕೈಯಿಂದ ಕೈಗೆ ಹೋಯಿತು. ಹೋದ ಕಡೆಯೆಲ್ಲ ಮುಖಗಳು ಇಳಿದವು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

“ನಿನ್ನೆ ತೆರದಾ ಟೀಚರ್ ಮನೆಗೆ ಹೋಗಿ ಕ್ಷಮೆ ಕೇಳ್ಕೊಂಡು ಬಂದೆ” ಎಂದ ಅತ್ಸುಮಿ. “ಅವರ ಗಾಡಿ ಆಟದ ಸಾಮಾನಲ್ಲ. ಅಂಥದ್ದನ್ನ ನಾನೂ ಓಡಿಸ್ದೆ. ಅಷ್ಟು ಖುಷಿ ನನಗೆ ಯಾವತ್ತೂ ಆಗಿರ್ಲಿಲ್ಲ. ಅವತ್ತು ನಿಮ್ಮನ್ನೆಲ್ಲ ನಗಿಸಿದ್ದು ನಾನು. ತಪ್ಪು ನಂದು.” ಸೊಂಟ ಬಗ್ಗಿಸಿ ತಲೆ ತಗ್ಗಿಸಿದ. ಬಹಳ ಹೊತ್ತು ಹಾಗೇ ನಿಂತ.

ಮೊರಿಶಿತಾ ಟೀ ಶರ್ಟಿನ ಮೇಲಿನ ಅಕ್ಷರ ಕಾಣದಂತೆ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡ. “ನನ್ನ ಗೇರ್‌ಬಾಕ್ಸ್ ನಿಮ್ಮ ಹತ್ರ ಇದೆಯಲ್ಲ. ನಾಳೆ ಬಂದು ತಗೊಂಡ್ಹೋಗ್ತೀನಿ.”

“ಇನ್ನೂ ಜೋಡಿಸಿಲ್ಲ.”

“ಬಿಡಿಬಿಡಿಯಾಗೇ ಕೊಡಿ.”

ಬಾನೆಟ್‌ಗಳು ಒಂದಾದ ಮೇಲೊಂದು ದಬ್ ದಬ್ ಎಂದು ಮುಚ್ಚಿಕೊಂಡವು. ಅವನು ಕಟ್ಟಿಕೊಟ್ಟ ಗೇರ್‌ಗಳನ್ನೇ ಹಾಕಿಕೊಂಡು, ಅವನ ಕಡೆ ತಿರುಗಿಯೂ ನೋಡದೆ, ಒಬ್ಬೊಬ್ಬರಾಗಿ ಹೊರಟರು. ಅಷ್ಟು ಜನರಲ್ಲಿ ಒಬ್ಬನಾದರೂ ‘ಆಯ್ತು ಬಿಡಿ, ಏನೀಗ’ ಎನ್ನಬಹುದಿತ್ತು. ಯಾರೂ ಅನ್ನಲಿಲ್ಲ. ಗುರು ಬೇಕಾಗಿತ್ತು ಅವರಿಗೆ, ಕೆಲಸ ಬಲ್ಲ ಮನುಷ್ಯನಲ್ಲ.

ಚಿಝುರು ಇಳಿದು ಬಂದು ಅವನ ಎದುರು ನಿಂತಳು.

“ಟೀಚರ್ ಏನಂದ್ರು?”

“ಬಾಗಿಲಲ್ಲೇ ನಿಲ್ಸಿ ಕಾಲು ಗಂಟೆ ಬೈದ್ರು. ಆಮೇಲೆ, ಗಾಡಿ ವಾಪಸ್ ಕೊಡಲ್ಲ ಅಂತ ಹೇಳು ಅವಳಿಗೆ ಅಂದ್ರು.”

“ಒಳಗೆ ಕರೀಲಿಲ್ವಾ?”

“ಇಲ್ಲ.”

“ಸರಿಯಾಗೇ ಮಾಡಿದ್ರು.”

ಅವನು ಖಾಲಿಯಾದ ಜಾಗವನ್ನು ಒಮ್ಮೆ ನೋಡಿ ಅವಳ ಕಡೆ ತಿರುಗಿದ. “ಚಿಝುರು” ಎಂದ. ಎರಡು ವರ್ಷ ನೊಝುಎ ಎಂದು ಮನೆತನದ ಹೆಸರಿನಿಂದ ಕರೆದವನು ಅವತ್ತು ಅವಳ ಹೆಸರು ಹಿಡಿದು ಕರೆದ. “ಕೆಲಸ ಅರ್ಧ ಹೋಯ್ತು. ಹೆಸರು ಪೂರ್ತಿ ಹೋಯ್ತು. ಎಲ್ಲ ಇದ್ದಾಗ ಕೇಳೋ ಧೈರ್ಯ ಬರ್ಲಿಲ್ಲ, ಏನೂ ಇಲ್ದಾಗ ಕೇಳೋದು ನ್ಯಾಯ ಅಲ್ಲ. ಆದ್ರೂ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?”

“ಇನ್ಯಾರ್ರೀ ಆಗ್ತಾರೆ ನಿಮ್ಮನ್ನ?” ಎಂದಳು ಚಿಝುರು. “ಇಡೀ ಊರಿಗೆ ಡಂಗೂರ ಹೊಡ್ಸಿ 'ನನಗೇನೂ ಬರಲ್ಲ' ಅಂತ ಹೇಳ್ಕೊಂಡ ಗಂಡಸನ್ನ ಯಾವಳು ಮಾಡ್ಕೋತಾಳೆ? ನಾನೇ ಆಗ್ಬೇಕು. ನನ್ನ ಕರ್ಮ.”

ಕೊನೆಯ ಮಾತಿಗೂ ತಿರಸ್ಕಾರ ತುಂಬಬೇಕೆಂದಿದ್ದಳು. ಆದರೆ ಧ್ವನಿ ನಡುವೆಯೇ ಒಡೆದುಹೋಯಿತು. ಕರವಸ್ತ್ರಕ್ಕೆ ಜೇಬು ತಡಕಿದಳು, ಸಿಗಲಿಲ್ಲ. ಅವನು ಇಸ್ತ್ರಿ ಮಾಡಿಕೊಂಡು ಬಂದಿದ್ದ ಅಂಗಿಯ ತೋಳಿಗೇ ಮೂಗು ಕಣ್ಣು ಎಲ್ಲ ಒರೆಸಿಕೊಂಡಳು.